ಮನೆಯ ಮೂರನೇ ಕೈ: ಬಟ್ಟೆ ಕ್ಲಿಪ್ಪಿನ ಹದಿನಾಲ್ಕು ಸೂತ್ರಗಳು

ಮನೆಗೆಲಸವನ್ನು ಒಬ್ಬರೇ ಮಾಡುವವರ ಬಾಯಲ್ಲಿ ದಿನಕ್ಕೆ ನಾಲ್ಕು ಸಲವಾದರೂ ಬರುವ ಮಾತು, "ಇದನ್ನ ಒಂಚೂರು ಹಿಡ್ಕೊಳ್ಳೋಕೆ ಯಾರಾದ್ರೂ ಇದ್ದಿದ್ರೆ!" ಸೀರೆಗೆ ಫಾಲ್ ಹಚ್ಚುವಾಗ, ಕಿತ್ತ ಚಪ್ಪಲಿಗೆ ಅಂಟು ಹಾಕುವಾಗ, ತಾರಸಿಯ ಗಾಳಿಯಲ್ಲಿ ಪಂಚೆ ಹರಡುವಾಗ ಎರಡು ಕೈ ಸಾಲುವುದಿಲ್ಲ. ಆ ಮೂರನೇ ಕೈ ನಿಮ್ಮ ಮನೆಯಲ್ಲೇ ಇದೆ, ಬಟ್ಟೆ ಒಣಹಾಕುವ ಹಗ್ಗದ ಮೇಲೆ. ಡಜನ್ ಲೆಕ್ಕದಲ್ಲಿ ಸಿಗುವ ಈ ಪುಟ್ಟ ಕ್ಲಿಪ್ಪಿನಷ್ಟು ಕಡಿಮೆ ಬೆಲೆಗೆ ಇಷ್ಟು ಕೆಲಸ ಮಾಡಿಕೊಡುವ ಇನ್ನೊಂದು ಸಾಮಾನನ್ನು ನಾನು ಕಂಡಿಲ್ಲ.

1. ಮೊದಲು ಹಗ್ಗದಿಂದ ಇಳಿಸಿ

ಎಲ್ಲ ಕ್ಲಿಪ್ಪುಗಳೂ ಬಾಲ್ಕನಿಯಲ್ಲೇ ಇದ್ದರೆ ಅವು ಬಟ್ಟೆ ಕ್ಲಿಪ್ಪುಗಳಾಗಿಯೇ ಉಳಿಯುತ್ತವೆ. ಹೊಸದಾಗಿ ಎರಡು ಡಜನ್ ತಂದು ಮನೆಯೊಳಗೆ ಹಂಚಿಬಿಡಿ: ಅಡುಗೆಮನೆಗೆ ಎಂಟು, ಹೊಲಿಗೆ ಡಬ್ಬಿಗೆ ಎಂಟು, ಮಕ್ಕಳ ಓದುವ ಮೇಜಿಗೆ ನಾಲ್ಕು, ಸುತ್ತಿಗೆ ಮೊಳೆ ಇಡುವ ಪೆಟ್ಟಿಗೆಗೆ ನಾಲ್ಕು. ಒಂದೊಂದು ಜಾಗಕ್ಕೆ ಒಂದೊಂದು ಬಣ್ಣವಿರಲಿ. ಹಿಟ್ಟಿನ ಪೊಟ್ಟಣಕ್ಕೆ ಹಾಕಿದ ಕ್ಲಿಪ್ಪು ಒದ್ದೆ ಬಟ್ಟೆಗೆ ಹೋಗಬಾರದು, ಹಗ್ಗದ ಮೇಲಿನ ಧೂಳು ತುಂಬಿದ್ದು ಹಿಟ್ಟಿನ ಹತ್ತಿರ ಬರಬಾರದು. ಬಣ್ಣ ಬೇರೆಯಿದ್ದರೆ ಮನೆಮಂದಿಗೆಲ್ಲ ಹೇಳಿಕೊಡುವ ಶ್ರಮವೂ ಇಲ್ಲ.

2. ಅದರ ಬಾಯನ್ನು ಒಮ್ಮೆ ನೋಡಿ

ಕ್ಲಿಪ್ಪೊಂದನ್ನು ಕೈಗೆ ತೆಗೆದುಕೊಂಡು ನಿಧಾನವಾಗಿ ನೋಡಿ. ತುದಿಯಲ್ಲಿ ಚಪ್ಪಟೆ ತುಟಿ, ಒಳಗೆ ಒಂದು ದುಂಡನೆ ಕುಳಿ, ಕೆಲವದರಲ್ಲಿ ಅದರ ಹಿಂದೆ ಇನ್ನೊಂದು ಪುಟ್ಟ ಕುಳಿ, ನಡುವೆ ಸ್ಪ್ರಿಂಗು. ಇದೊಂದು ಸನ್ನೆ. ಸ್ಪ್ರಿಂಗಿಗೆ ಹತ್ತಿರವಾದಷ್ಟೂ ಹಿಡಿತ ಬಿಗಿ, ತುದಿಗೆ ಹೋದಷ್ಟೂ ಸಡಿಲ. ನಾಜೂಕಿನ ರೇಷ್ಮೆಯನ್ನು, ಕಾಗದವನ್ನು ತುಟಿಯಲ್ಲಿ ಹಿಡಿಸಬೇಕು. ಕೋಲು, ಹಗ್ಗ, ದಪ್ಪ ರಟ್ಟು ಇಂಥವನ್ನು ಕುಳಿಯವರೆಗೆ ಒಳಗೆ ತಳ್ಳಬೇಕು. "ಈ ಕ್ಲಿಪ್ಪು ಹಿಡಿಯೋದೇ ಇಲ್ಲ" ಎಂದು ಬಿಸಾಡುವವರಲ್ಲಿ ಎಷ್ಟೋ ಮಂದಿ ದಪ್ಪ ವಸ್ತುವನ್ನು ತುದಿಯಲ್ಲಿ ಕಚ್ಚಿಸಿರುತ್ತಾರೆ.

ಈ ರೂಪ ತಾನಾಗಿ ಬಂದದ್ದಲ್ಲ. ಮೊದಲಿನವು ನಡುವೆ ಸೀಳಿದ ಒಂದೇ ಮರದ ತುಂಡುಗಳು. ಬಟ್ಟೆಯ ಮೇಲೆ ಒತ್ತಿ ಕೂರಿಸಬೇಕಿತ್ತು. ಅಮೆರಿಕದ ವರ್ಮಾಂಟ್ ರಾಜ್ಯದ ಸ್ಪ್ರಿಂಗ್‌ಫೀಲ್ಡಿನ ಡೇವಿಡ್ ಎಂ. ಸ್ಮಿತ್ 1853ರಲ್ಲಿ ಸ್ಪ್ರಿಂಗ್ ಇರುವ ಎರಡು ತುಂಡಿನ ಕ್ಲಿಪ್ಪಿಗೆ ಪೇಟೆಂಟ್ ಪಡೆದರು. 1887ರಲ್ಲಿ ಅದೇ ರಾಜ್ಯದ ಸೋಲನ್ ಇ. ಮೂರ್ ಒಂದೇ ತಂತಿಯನ್ನು ಸುರುಳಿ ಸುತ್ತಿ, ಸ್ಪ್ರಿಂಗೂ ಕೀಲೂ ಎರಡೂ ಆಗುವಂತೆ ಮಾಡಿದರು. ಇಂದು ನಮ್ಮ ಹಗ್ಗದ ಮೇಲಿರುವ ಮರದ ಕ್ಲಿಪ್ಪು ಹೆಚ್ಚುಕಡಿಮೆ ಅದೇ. ಶಿಲ್ಪಿ ಕ್ಲೇಸ್ ಓಲ್ಡನ್‌ಬರ್ಗ್ 1976ರಲ್ಲಿ ಫಿಲಡೆಲ್ಫಿಯಾ ನಗರದ ನಡುವೆ 45 ಅಡಿ ಎತ್ತರದ ಉಕ್ಕಿನ ಕ್ಲಿಪ್ಪನ್ನೇ ನಿಲ್ಲಿಸಿದರು. ಎರಡು ಕಡ್ಡಿ, ಒಂದು ತಂತಿ, ಅಷ್ಟರಲ್ಲೇ ಪೂರ್ಣವಾದ ವಸ್ತುವಿಗೆ ಆ ಗೌರವ ಸಲ್ಲಬೇಕಾದದ್ದೇ.

3. ಪೊಟ್ಟಣಕ್ಕೆ ಬೀಗ, ಜೊತೆಗೆ ತಾರೀಖು

ಕಾಫಿಪುಡಿಯ ಘಮ ಗಾಳಿಗೆ ಹಾರುತ್ತದೆ, ಸಾರಿನಪುಡಿ ಮಳೆಗಾಲದಲ್ಲಿ ಗಂಟುಕಟ್ಟುತ್ತದೆ, ಅವಲಕ್ಕಿ ಮೆತ್ತಗಾಗುತ್ತದೆ. ರಬ್ಬರ್ ಬ್ಯಾಂಡ್ ಹಾಕಿದರೆ ಬಾಯಿ ಮುದುರಿ ನಡುವೆ ಸಂದು ಉಳಿಯುತ್ತದೆ. ಕ್ಲಿಪ್ಪು ಹಾಗಲ್ಲ. ಮೊದಲು ಪೊಟ್ಟಣವನ್ನು ಕೆಳಗಿನಿಂದ ಒತ್ತಿ ಗಾಳಿ ಹೊರಹಾಕಿ. ಬಾಯನ್ನು ಎರಡು ಮಡಿಕೆ ಮಡಿಸಿ, ನಡುವೆ ಒಂದು ಕ್ಲಿಪ್ಪು ಹಾಕಿ. ಅಗಲದ ಪೊಟ್ಟಣವಾದರೆ ಎರಡು ಕೊನೆಗೂ ಒಂದೊಂದು.

ಮರದ ಕ್ಲಿಪ್ಪಾದರೆ ಇನ್ನೊಂದು ಅನುಕೂಲ. ಅದರ ಬೆನ್ನ ಮೇಲೆ ಪೆನ್ಸಿಲಿನಿಂದ ಪೊಟ್ಟಣ ಒಡೆದ ತಾರೀಖು ಬರೆಯಬಹುದು, ಮುಗಿದ ಮೇಲೆ ಅಳಿಸಬಹುದು. ಚಿರೋಟಿ ರವೆ ತಂದು ಎಷ್ಟು ದಿನವಾಯಿತು ಎಂದು ಹುಳ ಕಂಡ ಮೇಲೆ ಲೆಕ್ಕ ಹಾಕುವ ಬದಲು ಮುಂಚೆಯೇ ಗೊತ್ತಾಗುತ್ತದೆ. ಆದರೆ ಕ್ಲಿಪ್ಪು ಗಾಳಿಯಾಡದ ಡಬ್ಬಿಗೆ ಸಮನಲ್ಲ. ವಾರ ಹದಿನೈದು ದಿನದಲ್ಲಿ ಮುಗಿಯುವ ಪೊಟ್ಟಣಕ್ಕೆ ಇದು ಸಾಕು, ವರ್ಷದ ಮೆಣಸಿನಪುಡಿಗೆ ಡಬ್ಬಿಯೇ ಬೇಕು.

4. ಅರ್ಧ ಉಳಿದ ಹಾಲಿನ ಪ್ಯಾಕೆಟ್ಟು

ಮೂಲೆಯನ್ನು ಚಿಕ್ಕದಾಗಿ ಕತ್ತರಿಸಿ. ಉಳಿದಾಗ ಆ ಮೂಲೆಯನ್ನು ಮಡಿಸಿ ಕ್ಲಿಪ್ಪು ಹಾಕಿ, ಸ್ಟೀಲ್ ಲೋಟದಲ್ಲಿ ನೆಟ್ಟಗೆ ನಿಲ್ಲಿಸಿ ಫ್ರಿಜ್ಜಿಗೆ ಇಡಿ. ದೋಸೆ ಹಿಟ್ಟಿನ ಪ್ಯಾಕೆಟ್ಟಿಗೂ ಇದೇ ದಾರಿ, ಆದರೆ ಹಿಟ್ಟು ಉಬ್ಬಲು ಮೇಲೆ ಜಾಗ ಬಿಡಿ.

5. ಸಂಡಿಗೆಯ ಕಾವಲಿಗೆ

ಬೇಸಿಗೆಯಲ್ಲಿ ಸಂಡಿಗೆ ಹಾಕಿದವರಿಗೆ ಮಾತ್ರ ಗೊತ್ತು, ಹಿಟ್ಟು ಕಾಯಿಸುವುದು ಅರ್ಧ ಕೆಲಸ, ಕಾಯುವುದು ಇನ್ನರ್ಧ. ನಮ್ಮ ಮನೆಯಲ್ಲಿ ಆ ಕಾವಲಿನ ಕೆಲಸ ಮಕ್ಕಳದ್ದಾಗಿತ್ತು. ಕೋಲು ಹಿಡಿದು ನೀರಿನ ಟ್ಯಾಂಕಿನ ನೆರಳಲ್ಲಿ ಕೂತಿರುತ್ತಿದ್ದೆವು. ಕಾಗೆಗಿಂತ ಗಾಳಿಯ ಕಾಟ ಹೆಚ್ಚು. ಪಂಚೆಯ ಒಂದು ಮೂಲೆ ಎದ್ದು ಮಡಚಿಕೊಂಡರೆ ಹಸಿ ಸಂಡಿಗೆಯೆಲ್ಲ ಒಂದಕ್ಕೊಂದು ಅಂಟಿ, ಅರ್ಧ ದಿನದ ದುಡಿಮೆ ಹೋಯಿತು. ಹಾಗೆ ಒಂದು ಮಧ್ಯಾಹ್ನ ಹಾಳಾದ ಸಬ್ಬಕ್ಕಿ ಸಂಡಿಗೆಯನ್ನೂ ಅಮ್ಮನ ಮುಖವನ್ನೂ ನಾನಿನ್ನೂ ಮರೆತಿಲ್ಲ.

ಈಗ ಹೀಗೆ ಮಾಡುತ್ತೇನೆ. ತಾರಸಿಯ ಮೇಲೆ ಚಾಪೆ ಹಾಸಿ, ಅದರ ಮೇಲೆ ತೊಳೆದ ಹಳೆಯ ಹತ್ತಿ ಪಂಚೆ. ಪಂಚೆಯ ಅಂಚನ್ನೂ ಚಾಪೆಯ ಅಂಚನ್ನೂ ಸೇರಿಸಿ ಮೊಳಕ್ಕೊಂದರಂತೆ ಸುತ್ತಲೂ ಕ್ಲಿಪ್ಪು. ನಾಲ್ಕು ಮೂಲೆಯಲ್ಲಿ ಪಂಚೆಯೊಳಗೆ ಒಂದೊಂದು ಬೆಣಚುಕಲ್ಲು ಮಡಿಸಿ ಕ್ಲಿಪ್ಪು ಹಾಕಿದರೆ ಭಾರವೂ ಆಯಿತು, ಕಲ್ಲೂ ಉರುಳುವುದಿಲ್ಲ. ನಾಲ್ಕು ಮೂಲೆಗೆ ನಾಲ್ಕು ಕುರ್ಚಿ ಇಟ್ಟು, ಅವುಗಳ ಬೆನ್ನಿಗೆ ಹಳೆಯ ಸೊಳ್ಳೆಪರದೆಯನ್ನು ಎಳೆದು ಕ್ಲಿಪ್ಪಿನಲ್ಲಿ ಕಚ್ಚಿಸಿ. ಪರದೆ ಸಂಡಿಗೆಗೆ ತಾಗಬಾರದು, ಒಂದಡಿಯಾದರೂ ಮೇಲಿರಬೇಕು. ಬಿಸಿಲೂ ಗಾಳಿಯೂ ಒಳಗೆ ಬರುತ್ತವೆ, ಕಾಗೆ ಬರುವುದಿಲ್ಲ. ಮಲೆನಾಡಿನ ಹಲಸಿನ ಹಪ್ಪಳಕ್ಕೂ, ಮಜ್ಜಿಗೆಯಲ್ಲಿ ಅದ್ದಿದ ಬಾಳಕದ ಮೆಣಸಿನಕಾಯಿಗೂ ಇದೇ ಏರ್ಪಾಡು ಸಾಕು. ಕೋಲು ಹಿಡಿದು ಕೂರಲು ಈಗ ಮನೆಯಲ್ಲಿ ಯಾವ ಮಗುವಿಗೂ ಬೇಸಿಗೆ ರಜೆಯಲ್ಲಿ ಪುರುಸೊತ್ತಿಲ್ಲ. ಆದರೆ ಸಂಡಿಗೆ ಬಿಡಬೇಕಾಗಿಲ್ಲ.

6. ಅದರ ಸ್ವಂತ ಕೆಲಸದಲ್ಲೂ ಜಾಣತನ ಬೇಕು

ಅಂಗಿಯನ್ನು ಭುಜಕ್ಕೆ ಕ್ಲಿಪ್ಪು ಹಾಕಿ ಒಣಗಿಸಿದರೆ ಅಲ್ಲಿ ಮೊಟುಕು ಏಳುತ್ತದೆ, ಇಸ್ತ್ರಿಗೂ ಬಗ್ಗುವುದಿಲ್ಲ. ಕೆಳಗಿನ ಅಂಚಿನಿಂದ ತಲೆಕೆಳಗಾಗಿ ಹಾಕಿ. ಪ್ಯಾಂಟನ್ನು ಒಳಮಗ್ಗಲು ಹೊರಮಾಡಿ, ಸೊಂಟದ ಪಟ್ಟಿಯನ್ನು ಅಕ್ಕಪಕ್ಕದ ಎರಡು ಹಗ್ಗಗಳಿಗೆ ಹಂಚಿ ಹಾಕಿದರೆ ಬಾಯಿ ತೆರೆದ ಚೀಲದಂತೆ ಒಳಗೂ ಗಾಳಿಯಾಡುತ್ತದೆ. ಜೇಬು ಬೇಗ ಒಣಗುತ್ತದೆ. ಕರಾವಳಿಯ ಆಷಾಢದಲ್ಲಿ, ಬೆಂಗಳೂರಿನ ಬಿಸಿಲು ಕಾಣದ ಬಾಲ್ಕನಿಯಲ್ಲಿ ಈ ಒಂದು ಕ್ರಮದಿಂದಲೇ ಮುಗ್ಗಲು ವಾಸನೆ ಎಷ್ಟೋ ಕಡಿಮೆಯಾಗುತ್ತದೆ. ಹೊದಿಕೆಗೂ ಹಾಗೆಯೇ, ಎರಡು ಹಗ್ಗದ ಮೇಲೆ ಗುಡಾರದಂತೆ ಹರಡಿ. ಕಾಲುಚೀಲಗಳನ್ನು ಜೋಡಿಯಾಗಿಯೇ ಒಂದೇ ಕ್ಲಿಪ್ಪಿಗೆ ಹಾಕಿ, ಒಣಗಿದ ಮೇಲೆ ಕ್ಲಿಪ್ಪಿನ ಸಮೇತ ಕಪಾಟಿಗೆ. ಉಣ್ಣೆಯ ಸ್ವೆಟರನ್ನು ಮಾತ್ರ ತೂಗುಹಾಕಬೇಡಿ, ನೀರಿನ ಭಾರಕ್ಕೆ ಜೋತುಬೀಳುತ್ತದೆ.

7. ಸೀರೆಗೆ ಸೂಜಿಯ ತೂತು ಬೇಡ

ಫಾಲ್ ಹಚ್ಚುವಾಗ ಗುಂಡುಸೂಜಿ ಚುಚ್ಚಿದರೆ ರೇಷ್ಮೆಯಲ್ಲಿ ತೂತು ಉಳಿಯುತ್ತದೆ. ಎಳೆ ಜರಗಿದರೆ ಅದು ಮತ್ತೆ ಕೂಡುವುದಿಲ್ಲ. ಇಲ್ಲಿ ಕ್ಲಿಪ್ಪಿನ ಚಪ್ಪಟೆ ತುಟಿಗೆ ನಿಜವಾದ ಬೆಲೆ. ಮೊದಲು ಫಾಲನ್ನು ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ. ಇದನ್ನು ಬಿಟ್ಟರೆ ಮುಂದೆ ಒಗೆದಾಗ ಫಾಲ್ ಕುಗ್ಗಿ ಸೀರೆಯ ಅಂಚನ್ನೂ ಸುಕ್ಕಾಗಿಸುತ್ತದೆ. ಆಮೇಲೆ ಮೇಜಿನ ಮೇಲೆ ಸೀರೆಯ ಒಳಮಗ್ಗಲು ಮೇಲೆ ಮಾಡಿ ಹರಡಿ, ಫಾಲನ್ನು ಅಂಚಿಗೆ ಸರಿಯಾಗಿ ಕೂರಿಸಿ, ಗೇಣಿಗೊಂದು ಕ್ಲಿಪ್ಪು ಹಾಕುತ್ತಾ ಹೋಗಿ. ಪೂರ್ತಿ ಹಾಕಿದ ಮೇಲೆ ಒಮ್ಮೆ ಎತ್ತಿ ಹಿಡಿದು ನೋಡಿ. ಎಲ್ಲಾದರೂ ಜೋಲು ಬಿದ್ದಿದ್ದರೆ ಆಗಲೇ ಸರಿಮಾಡಿ. ಹೊಲಿಯುತ್ತಾ ಬಂದಂತೆ ಒಂದೊಂದನ್ನೇ ತೆಗೆಯಿರಿ.

ಉಡುವಾಗಲೂ ಅಷ್ಟೇ. ಕಂಚಿ, ಇಳಕಲ್ಲಿನಂಥ ಬಿರುಸು ಸೀರೆಯ ನೆರಿಗೆ ಹಿಡಿದು ಮುಗಿಸುವಷ್ಟರಲ್ಲಿ ಮೊದಲನೆಯದು ಜಾರಿರುತ್ತದೆ. ಐದಾರು ನೆರಿಗೆ ಹಿಡಿದ ಕೂಡಲೇ ಮೇಲ್ತುದಿಗೆ ಒಂದು ಕ್ಲಿಪ್ಪು, ಮೊಣಕಾಲಿನ ಮಟ್ಟಕ್ಕೆ ಒಂದು. ಕೆಳಗಿನ ಅಂಚು ಸಮವಾಗಿದೆಯೇ ಎಂದು ಕನ್ನಡಿಯಲ್ಲಿ ನೋಡಿ, ಮೇಲಿನ ಕ್ಲಿಪ್ಪು ತೆಗೆದು ಸಿಕ್ಕಿಸಿ, ಕೊನೆಗೆ ಕೆಳಗಿನದನ್ನು ತೆಗೆಯಿರಿ. ಮದುವೆಮನೆಯಲ್ಲಿ ಒಬ್ಬರಿಗೊಬ್ಬರು ಕೂತು ನೆರಿಗೆ ಸರಿಮಾಡುವ ಆ ಸುಖ ಬೇರೆ, ಅದನ್ನು ಕ್ಲಿಪ್ಪು ಕೊಡಲಾರದು. ಆದರೆ ಬೆಳಿಗ್ಗೆ ಎಂಟಕ್ಕೆ ಒಬ್ಬರೇ ಸೀರೆ ಉಟ್ಟು ಕೆಲಸಕ್ಕೆ ಹೊರಡುವವರಿಗೆ ಇದು ದೊಡ್ಡ ಆಸರೆ.

ಒಂದು ಎಚ್ಚರಿಕೆ: ಸೀರೆಗೆಂದೇ ಇಟ್ಟ ಕ್ಲಿಪ್ಪಿನ ಸ್ಪ್ರಿಂಗಿಗೆ ತುಕ್ಕು ಹಿಡಿದಿರಬಾರದು. ತುಕ್ಕಿನ ಕಲೆ ರೇಷ್ಮೆಯಿಂದ ಹೋಗುವುದು ಬಲು ಕಷ್ಟ.

8. ಅಂಟು ಒಣಗುವತನಕ ಹಿಡಿಯಲು

ಎಷ್ಟೋ ಸಲ ಅಂಟು ಬಿಡುವುದು ಅಂಟಿನ ದೋಷದಿಂದಲ್ಲ, ಒಣಗುವಾಗ ಒತ್ತಡ ಇಲ್ಲದ್ದರಿಂದ. ಕಿತ್ತ ಪುಸ್ತಕದ ರಟ್ಟು, ಬಾಯಿಬಿಟ್ಟ ಚಪ್ಪಲಿಯ ಅಟ್ಟೆ, ಸೀಳಿದ ಮರದ ಚೌಕಟ್ಟು, ಯಾವುದೇ ಇರಲಿ, ಅಂಟು ಹಾಕಿ ಕ್ಲಿಪ್ಪಿನಿಂದ ಬಿಗಿದು ರಾತ್ರಿಯಿಡೀ ಬಿಡಿ. ಕ್ಲಿಪ್ಪಿಗೂ ವಸ್ತುವಿಗೂ ನಡುವೆ ಪ್ಲಾಸ್ಟಿಕ್ ಹಾಳೆಯ ತುಂಡಿಡಲು ಮರೆತರೆ ಕ್ಲಿಪ್ಪೂ ಸೇರಿ ಅಂಟಿಕೊಳ್ಳುತ್ತದೆ. ಚಪ್ಪಲಿಗೆ ಹಚ್ಚುವ ರಬ್ಬರಿನ ಅಂಟನ್ನು ಎರಡೂ ಮುಖಕ್ಕೆ ಸವರಿ, ಕೈಗೆ ಹತ್ತದಷ್ಟು ಆರಲು ಬಿಟ್ಟು ಆಮೇಲೆ ಕೂಡಿಸಬೇಕು. ಹಸಿಯಲ್ಲೇ ಕೂಡಿಸಿದರೆ ಎಷ್ಟು ಕ್ಲಿಪ್ಪು ಹಾಕಿದರೂ ಮಳೆಗೆ ಬಿಟ್ಟುಕೊಳ್ಳುತ್ತದೆ.

9. ಬೆರಳು ಉಳಿಸಿಕೊಳ್ಳಿ

ಮೊಳೆಯನ್ನು ಬೆರಳಲ್ಲಿ ಹಿಡಿಯದೆ ಕ್ಲಿಪ್ಪಿನಲ್ಲಿ ಹಿಡಿದು ಸುತ್ತಿಗೆ ಹೊಡೆಯಿರಿ. ನಾಲ್ಕು ಏಟಿಗೆ ಮೊಳೆ ನಿಂತ ಮೇಲೆ ಕ್ಲಿಪ್ಪು ತೆಗೆಯಿರಿ.

10. ಬಳ್ಳಿಗೆ ಆಸರೆ, ಕುಂಡಕ್ಕೆ ಹೆಸರು

ಮಲ್ಲಿಗೆ, ವೀಳ್ಯದೆಲೆ, ಟೊಮೆಟೊ, ಸೌತೆ ಇವಕ್ಕೆಲ್ಲ ಎಳೆಯ ದಿನಗಳಲ್ಲಿ ಆಸರೆ ಬೇಕು. ಕ್ಲಿಪ್ಪಿನಿಂದ ಕಾಂಡವನ್ನೇ ಕಚ್ಚಿಸಿದರೆ ಅದಕ್ಕೆ ಗಾಯವಾಗುತ್ತದೆ. ಕಾಂಡದ ಸುತ್ತ ಮೆತ್ತನೆ ಬಟ್ಟೆಯ ಪಟ್ಟಿಯನ್ನು ಸಡಿಲವಾಗಿ ಬಳಸಿ, ಪಟ್ಟಿಯ ಎರಡು ತುದಿಯನ್ನೂ ಕೋಲಿಗೆ ಸೇರಿಸಿ ಕ್ಲಿಪ್ಪು ಹಾಕಿ. ಬಳ್ಳಿ ಬೆಳೆದಂತೆ ಕ್ಲಿಪ್ಪನ್ನು ಮೇಲೆ ಸರಿಸುತ್ತಾ ಹೋಗಬಹುದು, ಗಂಟು ಬಿಚ್ಚಿ ಕಟ್ಟುವ ತಾಪತ್ರಯವಿಲ್ಲ.

ಮುರಿದ ಮರದ ಕ್ಲಿಪ್ಪಿನ ಒಂದೊಂದು ಅರ್ಧವೂ ಕುಂಡದ ಹೆಸರುಹಲಗೆ. "ಮೆಂತ್ಯ, ಬಿತ್ತಿದ್ದು 4ನೇ ತಾರೀಖು" ಎಂದು ಪೆನ್ಸಿಲಿನಲ್ಲೇ ಬರೆಯಿರಿ. ಪೆನ್ನಿನ ಶಾಯಿ ನೀರಿಗೂ ಬಿಸಿಲಿಗೂ ಮಾಸುತ್ತದೆ, ಸೀಸದಕಡ್ಡಿಯ ಬರಹ ನಿಲ್ಲುತ್ತದೆ.

11. ಕಾಗುಣಿತದ ಚಕ್ರ

ಈ ಪಟ್ಟಿಯಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಇದು. ಕನ್ನಡ ಮಾತಾಡುವ ಎಷ್ಟೋ ಮಕ್ಕಳು ಇಂದು ಓದಲು ತಡವರಿಸುತ್ತಾರೆ. ಬೆಂಗಳೂರಿನಲ್ಲೂ ಹೌದು, ದೂರದ ದೇಶದ ಕನ್ನಡ ಮನೆಗಳಲ್ಲೂ ಹೌದು. ಅವರಿಗೆ ಬೇಸರ ತರಿಸುವುದು ಅಕ್ಷರವಲ್ಲ, ಕಾಗುಣಿತವನ್ನು ಕೂತು ಉರುಹೊಡೆಯುವ ಕ್ರಮ.

ರಟ್ಟನ್ನು ತಟ್ಟೆಯಷ್ಟು ಅಗಲಕ್ಕೆ ದುಂಡಗೆ ಕತ್ತರಿಸಿ. ನಡುವೆ ದೊಡ್ಡದಾಗಿ "ಕ" ಬರೆಯಿರಿ. ಅಂಚಿನ ಸುತ್ತ ಕಾ, ಕಿ, ಕೀ, ಕು, ಕೂ ಎಂದು ಕಃ ತನಕ ಬರೆಯಿರಿ. ಈಗ ಅಷ್ಟೇ ಕ್ಲಿಪ್ಪುಗಳ ಮೇಲೆ ಇಳಿ, ಗುಡಿಸು, ಗುಡಿಸಿನ ದೀರ್ಘ, ಕೊಂಬು, ಕೊಂಬಿನ ಇಳಿ, ವಟ್ರಸುಳಿ, ಎತ್ವ, ಏತ್ವ, ಐತ್ವ ಎಂದು ವಿಸರ್ಗದ ತನಕ ಒಂದೊಂದನ್ನೂ ಬರೆಯಿರಿ. ಮಗು ಕ್ಲಿಪ್ಪನ್ನು ಎತ್ತಿಕೊಂಡು ಹೆಸರು ಹೇಳಿ, ಸರಿಯಾದ ಅಕ್ಷರಕ್ಕೆ ಕಚ್ಚಿಸಬೇಕು. ರಟ್ಟಿನ ಹಿಂದೆ ಆಯಾ ಜಾಗದಲ್ಲಿ ಉತ್ತರ ಬರೆದಿಟ್ಟರೆ ಮಗುವೇ ತಿರುಗಿಸಿ ನೋಡಿಕೊಳ್ಳುತ್ತದೆ, ದೊಡ್ಡವರು ತಪ್ಪು ಹಿಡಿಯಬೇಕಾಗಿಲ್ಲ. ನಾಲ್ಕು ದಿನ ಬಿಟ್ಟು ನಡುವಿನ ಅಕ್ಷರ ಬದಲಿಸಿ ಇನ್ನೊಂದು ಚಕ್ರ ಮಾಡಿ. "ವಟ್ರಸುಳಿ" ಎಂಬ ಹೆಸರನ್ನು ಮಕ್ಕಳು ಎಷ್ಟು ಖುಷಿಯಿಂದ ಕೂಗುತ್ತಾರೆ ಎಂಬುದನ್ನು ನೀವೇ ಕೇಳಬೇಕು.

ಇದರಲ್ಲಿ ಕೈಗೂ ಪಾಠವಿದೆ. ಹೆಬ್ಬೆರಳು ತೋರುಬೆರಳು ಸೇರಿಸಿ ಕ್ಲಿಪ್ಪು ಒತ್ತುವಾಗ ದುಡಿಯುವುದು ಪೆನ್ಸಿಲ್ ಹಿಡಿಯುವ ಸ್ನಾಯುಗಳೇ. ಮಕ್ಕಳ ಬೆರಳಿಗೆ ಬಲ ಬರಲೆಂದು ಚಿಕಿತ್ಸಕರೂ ಈ ಅಭ್ಯಾಸ ಮಾಡಿಸುತ್ತಾರೆ. ಮೂರು ವರ್ಷದೊಳಗಿನ ಮಕ್ಕಳ ಕೈಗೆ ಮಾತ್ರ ಕೊಡಬೇಡಿ, ಬಿಚ್ಚಿದ ಸ್ಪ್ರಿಂಗು ಬಾಯಿಗೆ ಹೋದೀತು.

12. ಹಬ್ಬದ ದಿನ

ಗೊಂಬೆ ಹಬ್ಬದ ಮೆಟ್ಟಿಲಿಗೆ ಬಿಳಿ ಬಟ್ಟೆ ಹಾಸಿದಾಗ ಅದು ಜಾರಿದರೆ ಗೊಂಬೆಯೂ ಜಾರುತ್ತದೆ. ಪ್ರತಿ ಹಲಗೆಯ ಎರಡು ಕೊನೆಯಲ್ಲಿ, ಬಟ್ಟೆಯನ್ನು ಹಲಗೆಯ ಅಡಿಗೆ ಮಡಿಸಿ ಕ್ಲಿಪ್ಪು ಹಾಕಿ. ದಪ್ಪ ಹಲಗೆ ಕ್ಲಿಪ್ಪಿನ ಬಾಯಿಗೆ ಹಿಡಿಯದಿದ್ದರೆ ಬಟ್ಟೆಯ ಎರಡು ಅಂಚನ್ನು ಅಡಿಯಲ್ಲಿ ಒಂದಕ್ಕೊಂದು ಸೇರಿಸಿ ಕಚ್ಚಿಸಿ. ಹಿಂದಿನ ಪರದೆಗೆ ಒಳ್ಳೆಯ ಸೀರೆಯನ್ನೇ ಇಳಿಬಿಡಬಹುದು, ಪಿನ್ನಿನ ಭಯವಿಲ್ಲ. ಯುಗಾದಿಯ ಮಾವಿನ ತೋರಣವನ್ನು ಬಾಗಿಲ ಮೇಲಿನ ದಾರಕ್ಕೆ ಕ್ಲಿಪ್ಪಿನಲ್ಲಿ ಸಿಕ್ಕಿಸಿದರೆ ಎಲೆ ಬಾಡಿದ ಮೇಲೆ ಇಳಿಸಲು ಸ್ಟೂಲು ಹತ್ತಿ ಗಂಟಿನೊಂದಿಗೆ ಹೆಣಗಬೇಕಾಗಿಲ್ಲ.

13. ಚಿಕ್ಕಪುಟ್ಟವು, ಒಂದೇ ಉಸಿರಿನಲ್ಲಿ

ಟೂತ್‌ಪೇಸ್ಟಿನ ಟ್ಯೂಬನ್ನು ಬುಡದಿಂದ ಸುರುಳಿ ಸುತ್ತಿ ಕ್ಲಿಪ್ಪು ಹಾಕಿ. ಸೊಳ್ಳೆಪರದೆಯ ಬಾಗಿಲಿಗೆ ಒಳಗಿನಿಂದ ಎರಡು. ಮಾಮೂಲಿ ಹ್ಯಾಂಗರಿಗೆ ಎರಡು ಕ್ಲಿಪ್ಪು ಸೇರಿಸಿದರೆ ಲಂಗ, ಪ್ಯಾಂಟು ತೂಗುಹಾಕುವ ಹ್ಯಾಂಗರಾಯಿತು. ಅಡುಗೆ ಪುಸ್ತಕದ, ಸ್ತೋತ್ರದ ಪುಸ್ತಕದ ಎರಡು ಬದಿಗೂ ಒಂದೊಂದು ಹಾಕಿದರೆ ಫ್ಯಾನಿನ ಗಾಳಿಗೆ ಹಾಳೆ ತಿರುಗುವುದಿಲ್ಲ. ಕರೆಂಟು ಬಿಲ್ಲು, ಶಾಲೆಯ ಚೀಟಿ, ಡಾಕ್ಟರ ಚೀಟಿ ಈ ಮೂರಕ್ಕೆ ಕಪಾಟಿನ ಬಾಗಿಲ ಒಳಮೈಗೆ ಒಂದು ದಾರ, ಮೂರು ಕ್ಲಿಪ್ಪು. ಊರಿಗೆ ಹೋಗುವಾಗ ಚೀಲದಲ್ಲಿ ನಾಲ್ಕಿರಲಿ, ಲಾಡ್ಜಿನ ಕಿಟಕಿ ಪರದೆಯ ಸಂದು ಮುಚ್ಚಲು, ಒದ್ದೆ ಟವೆಲ್ಲು ತೂಗಲು.

ಮಾಡಬಾರದ್ದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಒಲೆಯ ಹತ್ತಿರ, ಬಿಸಿ ಪಾತ್ರೆಗೆ, ದೀಪಕ್ಕೆ, ಮೇಣದಬತ್ತಿಗೆ ಬೇಡ. ಮೈಕ್ರೋವೇವ್ ಒಳಗೆ ಬೇಡವೇ ಬೇಡ. ಸುಲಿದ ಕರೆಂಟು ತಂತಿಯನ್ನು ಹಿಡಿಸಲು ಸ್ಪ್ರಿಂಗಿನ ಕ್ಲಿಪ್ಪು ಬಳಸುವುದು ಜೀವಕ್ಕೇ ಅಪಾಯ.

14. ಕ್ಲಿಪ್ಪನ್ನೂ ನೋಡಿಕೊಳ್ಳಿ

ಪ್ಲಾಸ್ಟಿಕ್ ಕ್ಲಿಪ್ಪು ಸಾಯುವುದು ಬಳಕೆಯಿಂದಲ್ಲ, ಬಿಸಿಲಿನಿಂದ. ಸೂರ್ಯನ ನೇರಳಾತೀತ ಕಿರಣ ಅದನ್ನು ಪೆಡಸಾಗಿಸುತ್ತದೆ. ಬಣ್ಣ ಮಾಸಿ, ಮುಟ್ಟಿದರೆ ಬಿಳಿ ಪುಡಿ ಉದುರಿ, ಒಂದು ದಿನ ಒತ್ತಿದ ಕೂಡಲೇ ಚೂರಾಗುತ್ತದೆ. ಮರದ್ದಕ್ಕೆ ಬಿಸಿಲಿಗಿಂತ ತೇವ ಶತ್ರು, ಕಪ್ಪು ಬೂಷ್ಟಿನ ಚುಕ್ಕೆ ಹಿಡಿದು ಬಟ್ಟೆಗೂ ಹತ್ತಿಸುತ್ತದೆ. ಅಂಥದ್ದನ್ನು ಸೋಪಿನ ಬಿಸಿನೀರಲ್ಲಿ ನೆನೆಸಿ, ಹಳೆಯ ಬ್ರಷ್ಷಿನಲ್ಲಿ ಉಜ್ಜಿ, ಚೆನ್ನಾಗಿ ಒಣಗಿಸಿ. ಸಮುದ್ರದ ಗಾಳಿ ಬೀಸುವ ಊರಿನವರು ಸ್ಟೇನ್‌ಲೆಸ್ ಸ್ಟೀಲಿನವನ್ನೇ ಕೊಳ್ಳುವುದು ಮೇಲು. ಸ್ಪ್ರಿಂಗು ಕಳಚಿದ ಮರದ ಕ್ಲಿಪ್ಪನ್ನು ಬಿಸಾಡಬೇಡಿ. ಎರಡು ತುಂಡನ್ನು ಬೆನ್ನಿಗೆ ಬೆನ್ನು ಬರದಂತೆ, ಕುಳಿಗೆ ಕುಳಿ ಕೂಡುವಂತೆ ಇಟ್ಟು, ಸ್ಪ್ರಿಂಗಿನ ಸುರುಳಿಯನ್ನು ಒಳಗಿನ ತೋಡಿಗೂ ತಂತಿಯ ತೋಳುಗಳನ್ನು ಹೊರಗಿನ ತೋಡಿಗೂ ಜಾರಿಸಿದರೆ ಅದು ಮತ್ತೆ ಕೆಲಸಕ್ಕೆ ಬರುತ್ತದೆ.

ಬಟ್ಟೆ ತೆಗೆದಾಗಲೆಲ್ಲ ಕ್ಲಿಪ್ಪನ್ನೂ ತೆಗೆಯುವ ಅಭ್ಯಾಸವಾಗಲು ಅದಕ್ಕೊಂದು ಮನೆ ಬೇಕು. ಮಗುವಿಗೆ ಚಿಕ್ಕದಾದ ಅಂಗಿಯೊಂದು ಎಲ್ಲರ ಮನೆಯಲ್ಲೂ ಇರುತ್ತದೆ, ಕೊಡಲು ಮನಸ್ಸು ಬರದೆ ಉಳಿದದ್ದು. ಅದರ ಕೆಳಗಿನ ಅಂಚನ್ನೂ ಎರಡು ತೋಳನ್ನೂ ಹೊಲಿದು ಮುಚ್ಚಿ, ಪುಟ್ಟ ಹ್ಯಾಂಗರಿಗೆ ಹಾಕಿ, ಬಾಲ್ಕನಿಯ ಬಾಗಿಲ ಪಕ್ಕ ನೆರಳಿರುವ ಕಡೆ ತೂಗುಬಿಡಿ. ಮೇಲಿನ ಎರಡು ಗುಂಡಿ ಬಿಚ್ಚಿಡಿ. ಒಣಗಿದ ಬಟ್ಟೆ ಭುಜದ ಮೇಲೆ, ಕ್ಲಿಪ್ಪುಗಳು ಅಂಗಿಯ ಕೊರಳೊಳಗೆ.